ಎರಿ ನೆಲಕ್ಕೆ ಹದ ಬಂದಾಗ

ನವಲಗುಂದದ ಕರಿ ಮಣ್ಣು, ಅಣ್ಣಿಗೇರಿಯ ಗಾಳಿ, ಕುಂದಗೋಳದ ಕಣ, ಕಲಘಟಗಿಯ ಜಡಿಮಳೆ: ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಫುಟ್‌ಬಾಲ್ ಹಂಗಾಮು ಯಾವಾಗ ಶುರುವಾಗುತ್ತದೆ?

ಆಗಸ್ಟ್ ತಿಂಗಳ ಸಂಜೆ ನವಲಗುಂದ ಸೀಮೆಯ ಹುಡುಗ ಫುಟ್‌ಬಾಲ್ ಆಡಿ ಮನೆಗೆ ಬಂದರೆ ಹೊಸ್ತಿಲು ದಾಟುವಂತಿಲ್ಲ. ‘ಅಲ್ಲೇ ನಿಂದರು, ಒಳಗ ಬರಬ್ಯಾಡ’ ಎಂಬ ಅವ್ವನ ದನಿ ಪಡಸಾಲೆಯಿಂದಲೇ ಕೇಳುತ್ತದೆ. ಕಟ್ಟೆಯ ಮೇಲೆ ಕೂತು, ಕಟ್ಟಿಗೆಯ ಚಕ್ಕೆಯಿಂದ ಅಂಗಾಲು, ಹಿಮ್ಮಡಿ, ಬೆರಳಸಂದಿ ಎಲ್ಲವನ್ನೂ ಕೆರೆದುಕೊಳ್ಳಬೇಕು. ಎರಿ, ಅಂದರೆ ನಮ್ಮ ಕರಿ ಮಣ್ಣು, ಒಂದು ತಂಬಿಗೆ ನೀರಿಗೆ ಬಿಡುವಂಥದ್ದಲ್ಲ. ನೀರು ಬಿದ್ದಷ್ಟೂ ಇನ್ನಷ್ಟು ಜಿಗುಟಾಗುತ್ತದೆ. ಆ ಕಟ್ಟೆಯ ಮೇಲೆ ನಾನೂ ಎಷ್ಟೋ ಸಂಜೆ ಕೂತಿದ್ದೇನೆ.

ನಮ್ಮ ಹೋಬಳಿ ಕ್ರೀಡಾಕೂಟದ ಫುಟ್‌ಬಾಲ್ ಪಂದ್ಯ ಬಂದದ್ದು ಮಘಾ ಮಳೆ ಹಿಡಿದ ವಾರದಲ್ಲಿ. ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ಕರಗಿ ಹೋಗಿತ್ತು. ಮೊದಲ ಹತ್ತು ನಿಮಿಷ ಓಡಿದೆವು. ಆಮೇಲೆ ಒಬ್ಬೊಬ್ಬರ ಬರಿಗಾಲಿಗೂ ಮಣ್ಣಿನ ಬೂಟು ಬೆಳೆಯಿತು. ಹೆಜ್ಜೆ ಎತ್ತಿದರೆ ನೆಲವೇ ಜೊತೆಗೆ ಎದ್ದು ಬಂದಂತೆ ಭಾರ. ಚೆಂಡು ಒದ್ದಲ್ಲೇ ಕೂತಿತು. ಗೋಲಿನ ಮುಂದೆ ಐದಾರು ಜನ ಸುತ್ತ ನಿಂತು ಒದ್ದರೂ ಅದು ಗೇಣು ಸರಿಯಲಿಲ್ಲ. ಗೋಲಿಲ್ಲದೆ ಆಟ ಮುಗಿಯಿತು, ಕತ್ತಲಾಗುತ್ತ ಬಂತು, ಕೊನೆಗೆ ಚೀಟಿ ಎತ್ತಿ ಗೆದ್ದವರನ್ನು ಸಾರಿದರು. ಚೀಟಿಯಲ್ಲಿ ನಮ್ಮ ಶಾಲೆಯ ಹೆಸರು ಬರಲಿಲ್ಲ. ಮೈದಾನದ ಅಂಚಿನಲ್ಲಿ ಛತ್ರಿ ಹಿಡಿದು ನಿಂತಿದ್ದ ನನ್ನ ಮುತ್ಯಾ ದಾರಿಯುದ್ದಕ್ಕೂ ಸುಮ್ಮನಿದ್ದು, ಊರ ಅಗಸಿ ಹತ್ತಿರ ಬಂದಾಗ ಕೇಳಿದ: ‘ಹದ ಇಲ್ಲದ ಹೊಲದಾಗ ಯಾರರ ಎತ್ತ ಹೂಡ್ತಾರೇನೋ?’

ಸೋತ ಬೇಸರ ಯಾವಾಗಲೋ ಹೋಯಿತು. ಮುತ್ಯಾನ ಪ್ರಶ್ನೆ ಉಳಿಯಿತು. ಈ ಲೇಖನ ಹುಟ್ಟಿದ್ದು ಅದರಿಂದಲೇ.

ಹದ ಎಂಬುದು ಎರಿ ಸೀಮೆಯ ರೈತರ ಬಾಯಲ್ಲಿ ಮಳೆಗಾಲವಿಡೀ ಓಡಾಡುವ ಮಾತು. ಮಳೆ ನಿಂತ ಮರುದಿನವೇ ಹೊಲಕ್ಕೆ ಇಳಿದರೆ ಕುಂಟೆಗೆ ಮಣ್ಣು ಮೆತ್ತುತ್ತದೆ, ತುಳಿದ ಜಾಗ ಒಣಗಿ ಹೆಂಟೆಯಾಗುತ್ತದೆ. ತೀರ ತಡ ಮಾಡಿದರೆ ಮೇಲಿನ ಪದರು ಬಿಗಿದು ಕೂರಿಗೆ ಇಳಿಯುವುದಿಲ್ಲ. ಈ ಎರಡರ ನಡುವೆ ಕೆಲವೇ ದಿನ ಮಣ್ಣು ಕೈಗಂಟದೆ, ಕಲ್ಲೂ ಆಗದೆ ಮೆತ್ತಗೆ ಇರುತ್ತದಲ್ಲ, ಅದೇ ಹದ. ಅದನ್ನು ನೋಡುವ ರೀತಿ ಸರಳ. ಒಂದು ಹಿಡಿ ಮಣ್ಣೆತ್ತಿ ಉಂಡೆ ಕಟ್ಟಿ ನೆಲಕ್ಕೆ ಬಿಡುತ್ತಾರೆ. ಉಂಡೆ ಚಪ್ಪಟೆಯಾಗಿ ಕೂತರೆ ಇನ್ನೂ ಹಸಿ. ಒಡೆದು ಚದುರಿದರೆ ಎತ್ತು ಹೂಡಬಹುದು. ಮಳೆ ಬಂದ ಮೈದಾನವನ್ನು ಫುಟ್‌ಬಾಲ್ ರೆಫರಿ ಪರೀಕ್ಷಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಲ್ಲಿ ನಿಂತು ಚೆಂಡು ಕೆಳಗೆ ಬಿಡುತ್ತಾರೆ, ಉರುಳಿಸುತ್ತಾರೆ. ಪುಟಿದರೆ, ಉರುಳಿದರೆ ಆಟ. ಕೆಸರಲ್ಲಿ ಕೂತರೆ ಆಟವಿಲ್ಲ. ಉಂಡೆ ಬಿಡುವ ರೈತನೂ ಚೆಂಡು ಬಿಡುವ ರೆಫರಿಯೂ ನೆಲವನ್ನು ಕೇಳುತ್ತಿರುವುದು ಒಂದೇ ಮಾತು.

ಈ ಮಣ್ಣಿನ ಗುಣ ಅದರ ಜೇಡಿಯಲ್ಲಿದೆ. ಎರಿ ಭೂಮಿಯ ಹಲವು ಕಡೆ ಮಣ್ಣಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಜೇಡಿಯೇ. ಅದರಲ್ಲೂ ಮೊಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಪುಸ್ತಕದ ಹಾಳೆಗಳಂತೆ ಪದರು ಪದರಾಗಿದ್ದು, ಹಾಳೆಗಳ ನಡುವೆ ನೀರು ನುಗ್ಗಿದಾಗ ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಉಬ್ಬಿದಾಗ ನೀರು ಕೆಳಗೆ ಇಳಿಯುವ ದಾರಿ ಮುಚ್ಚಿ ಮೈದಾನ ಕೆರೆಯಾಗುತ್ತದೆ. ಕುಗ್ಗಿದಾಗ ನೆಲ ಸೀಳುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ ಮಳೆಯಿಲ್ಲದ ಚಳಿಗಾಲದಲ್ಲೂ ಬೆಳೆಯುವುದು ಇದೇ ಜೇಡಿ ಹಿಡಿದಿಟ್ಟ ತೇವದಿಂದ. ಬೆಳೆಗೆ ವರವಾದ ಗುಣವೇ ಆಟಕ್ಕೆ ತೊಡಕು.

ಇನ್ನು ಶಾಲೆಯ ಕ್ಯಾಲೆಂಡರ್ ನೋಡಿ. ಜೂನ್ ಹೊತ್ತಿಗೆ ಶಾಲೆ ತೆರೆಯುತ್ತದೆ. ಕ್ಲಸ್ಟರ್, ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಜುಲೈಯಿಂದ ಸೆಪ್ಟೆಂಬರ್ ಒಳಗೆ ಮುಗಿಯಬೇಕು. ನಮ್ಮ ಲೆಕ್ಕದಲ್ಲಿ ಅದು ಪುನರ್ವಸುವಿನಿಂದ ಉತ್ತರಿವರೆಗಿನ ಮಳೆಗಳ ಕಾಲ. ಕಬಡ್ಡಿ, ಖೋಖೋ ಅಂಕಣ ಚಿಕ್ಕದು. ನಾಲ್ಕು ಟ್ರಾಕ್ಟರ್ ಗರಸು ತಂದು ಹರವಿದರೆ ಹೇಗೋ ನಡೆಯುತ್ತದೆ. ಫುಟ್‌ಬಾಲಿಗೆ ಬೇಕಾದದ್ದು 90ರಿಂದ 120 ಮೀಟರ್ ಉದ್ದ, 45ರಿಂದ 90 ಮೀಟರ್ ಅಗಲದ ಬಯಲು. ಶಾಲಾ ಮಕ್ಕಳಿಗೆ ಅದನ್ನು ಕುಗ್ಗಿಸಿದರೂ ಅಷ್ಟು ನೆಲಕ್ಕೆ ಗರಸು ಯಾವ ಊರು ಹಾಕೀತು?

ನಮ್ಮ ಹಳ್ಳಿಗಳಲ್ಲಿ ಕ್ರಿಕೆಟ್ ಇಷ್ಟು ಬೇರೂರಿದ್ದಕ್ಕೆ ಟಿವಿ ಒಂದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಣ್ಣಿನ ಪಾಲೂ ಇದೆ. ಕ್ರಿಕೆಟ್ಟಿಗೆ ಗಟ್ಟಿಯಾಗಿ ಬೇಕಾದದ್ದು 22 ಗಜದ ಪಟ್ಟಿ. ನೀರು ಚಿಮುಕಿಸಿ ರೋಲರ್ ಎಳೆದರೆ ಕರಿ ಜೇಡಿ ಬಿಗಿದು ಸಿಮೆಂಟಿನಂತಾಗುತ್ತದೆ. ದೊಡ್ಡ ಕ್ರೀಡಾಂಗಣಗಳೂ ಪಿಚ್‌ಗೆ ಕರಿ ಮಣ್ಣು ತರಿಸುವುದು ಅದಕ್ಕೇ. ಉಳಿದ ಬಯಲು ಉಬ್ಬಲಿ, ತಗ್ಗಿರಲಿ, ಕ್ರಿಕೆಟ್ ನಡೆಯುತ್ತದೆ. ಫುಟ್‌ಬಾಲ್ ಇಡೀ ಬಯಲನ್ನೇ ಕೇಳುತ್ತದೆ. ಬರಿ ಒಂದು ಚೆಂಡು ಸಾಕಾದ್ದರಿಂದ ಫುಟ್‌ಬಾಲ್ ಬಡವರ ಆಟ ಎನ್ನುತ್ತಾರೆ. ಎರಿ ಸೀಮೆಯಲ್ಲಿ ಆ ಮಾತು ಅರ್ಧವೇ ನಿಜ. ಚೆಂಡು ಅಗ್ಗ, ನೆಲ ತುಟ್ಟಿ.

ಈಗ ಗಾಳಿ. ಅಣ್ಣಿಗೇರಿಯ ಬಯಲಿನಲ್ಲಿ ಆಷಾಢದ ಪಡುವಣ ಗಾಳಿ ಎದ್ದರೆ ತಡೆಯಲು ಅಲ್ಲೊಂದು ಇಲ್ಲೊಂದು ಬೇವಿನ ಮರ ಬಿಟ್ಟರೆ ಏನೂ ಇಲ್ಲ. ಆದಿಕವಿ ಪಂಪನ ಊರೆಂದು ಹೆಸರಾದ, ಅಮೃತೇಶ್ವರ ಗುಡಿಯ ಈ ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಮಟ್ಟಸ ಹೊಲ. ಅಲ್ಲಿ ಆಡುವ ಹುಡುಗರಿಗೆ ಟಾಸ್ ಎಂದರೆ ಅರ್ಧ ಪಂದ್ಯ. 2019ರಲ್ಲಿ ಬದಲಾದ ನಿಯಮದ ಪ್ರಕಾರ ಟಾಸ್ ಗೆದ್ದವರು ಯಾವ ಗೋಲಿನತ್ತ ಆಡಬೇಕೆಂದಾದರೂ ಆರಿಸಬಹುದು, ಮೊದಲ ಒದೆತವನ್ನಾದರೂ ತೆಗೆದುಕೊಳ್ಳಬಹುದು. ಆಷಾಢದಲ್ಲಿ ಇಲ್ಲಿ ಮೊದಲ ಒದೆತ ಕೇಳುವ ನಾಯಕನಿಲ್ಲ. ಎಲ್ಲರೂ ಗಾಳಿಯನ್ನೇ ಕೇಳುತ್ತಾರೆ. ಗಾಳಿ ಬೆನ್ನಿಗಿದ್ದರೆ ಗೋಲಿ ಎತ್ತಿ ಒದ್ದ ಚೆಂಡು ಎದುರಿನ ಗೋಲಿನ ತನಕ ಹೋದದ್ದನ್ನು ನೋಡಿದ್ದೇನೆ. ಎದುರಿಗಿದ್ದರೆ ಅದೇ ಚೆಂಡು ಆಕಾಶದಲ್ಲಿ ಗಿರಕಿ ಹೊಡೆದು ಒದ್ದವನ ತಲೆಯ ಮೇಲೆಯೇ ಇಳಿಯುತ್ತದೆ. ಹೀಗಾಗಿ ಈ ಸೀಮೆಯ ಜಾಣ ಹುಡುಗರು ಮಳೆಗಾಲದಲ್ಲಿ ಚೆಂಡು ಎತ್ತುವುದೇ ಇಲ್ಲ. ನೆಲಕ್ಕೆ ಒತ್ತಿ, ಗಿಡ್ಡ ಗಿಡ್ಡ ಪಾಸುಗಳಲ್ಲಿ ಆಡುತ್ತಾರೆ. ಯಾವ ಕೋಚೂ ಹೇಳಿಕೊಟ್ಟದ್ದಲ್ಲ, ಗಾಳಿ ಕಲಿಸಿದ್ದು.

ಹುಬ್ಬಳ್ಳಿಯಿಂದ ಈಶಾನ್ಯಕ್ಕೆ ನವಲಗುಂದದ ಹಾದಿ ಬಿಟ್ಟು, ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಕಲಘಟಗಿ. ಜಿಲ್ಲೆ ಒಂದೇ, ಆಕಾಶ ಬೇರೆ. ಇದು ಮಲೆನಾಡಿನ ಸೆರಗು. ಬೇಡ್ತಿಯ ಸೀಮೆ, ದೇವಿಕೊಪ್ಪದ ಕಾಡು, ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಘಟ್ಟದ ಮೋಡಗಳು ಪೂರ್ವಕ್ಕೆ ಸರಿದಂತೆ ಬರಿದಾಗುತ್ತ ಹೋಗುತ್ತವೆ. ನವಲಗುಂದ ತಲುಪುವ ಹೊತ್ತಿಗೆ ಉಳಿಯುವುದು ಗಾಳಿ, ಒಂದಿಷ್ಟು ಹನಿ. ಆ ಮೋಡಗಳು ಮನಬಿಚ್ಚಿ ಸುರಿಯುವುದು ಕಲಘಟಗಿಯ ಮೇಲೆ. ಆದರೆ ಅಲ್ಲಿಯ ಕೆಂಪು ಗರಸು ನೆಲ ನೀರು ಹಿಡಿಯುವುದಿಲ್ಲ. ಮಳೆ ನಿಂತು ಒಂದು ತಾಸಿಗೆ ಚೆಂಡು ಪುಟಿಯುತ್ತದೆ. ತೊಂದರೆ ಎಂದರೆ ಮಳೆ ನಿಲ್ಲಬೇಕಲ್ಲ! ಆರಿದ್ರಾದಲ್ಲಿ ಹಿಡಿದ ಜಿಟಿಜಿಟಿ ಕೆಲವು ವರ್ಷ ಶ್ರಾವಣ ಕಳೆದರೂ ಬಿಡುವುದಿಲ್ಲ. ಅಲ್ಲಿಯ ಮಕ್ಕಳು ಮಳೆಯಲ್ಲೇ ಆಡುತ್ತಾರೆ, ಜಾರುತ್ತಾರೆ, ಮೊಣಕಾಲಿನ ಚರ್ಮ ಗರಸಿಗೆ ಕೊಡುತ್ತಾರೆ. ನವಲಗುಂದದ ಹುಡುಗ ಮಣ್ಣು ಹೊತ್ತು ಮನೆಗೆ ಬಂದರೆ ಕಲಘಟಗಿಯವನು ಗಾಯ ಹೊತ್ತು ಬರುತ್ತಾನೆ.

ಕಲಘಟಗಿಯಿಂದ ದಕ್ಷಿಣಕ್ಕೆ ಜಿಲ್ಲೆಯ ಗಡಿ ದಾಟಿದರೆ ಮುಂಡಗೋಡ. 1966ರಲ್ಲಿ ಅಲ್ಲಿ ನೆಲೆಯೂರಿದ ಟಿಬೆಟಿಯನ್ನರ ಡೋಗುಲಿಂಗ್ ವಸಾಹತಿನಲ್ಲಿ ಫುಟ್‌ಬಾಲ್ ಎಂದರೆ ಪ್ರಾಣ. ದಲೈ ಲಾಮಾ ಅವರ ತಾಯಿಯ ಹೆಸರಿನಲ್ಲಿ 1981ರಿಂದ ನಡೆದು ಬಂದಿರುವ ಗ್ಯಾಲ್ಯುಂ ಚೆನ್ಮೊ ಸ್ಮಾರಕ ಚಿನ್ನದ ಕಪ್‌ಗಾಗಿ ದೇಶದ ಟಿಬೆಟಿಯನ್ ವಸಾಹತುಗಳ ತಂಡಗಳು ಸೆಣಸುತ್ತವೆ. 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಟಿಬೆಟಿಯನ್ನರ ತಂಡ ಕಣಕ್ಕಿಳಿದಾಗ 1–4ರಲ್ಲಿ ಸೋತರೂ ಜಗತ್ತು ತಿರುಗಿ ನೋಡಿತ್ತು. ಹಿಮದ ನಾಡು ಬಿಟ್ಟು ಬಂದವರು ನಮ್ಮ ಮೆಕ್ಕೆಜೋಳದ ಸೀಮೆಯ ಮಳೆ ಬಿಸಿಲಿಗೆ ಮೈ ಒಗ್ಗಿಸಿಕೊಂಡು ಈ ಆಟ ಉಳಿಸಿಕೊಂಡಿದ್ದಾರೆ. ಕಲಘಟಗಿಯ ನಮ್ಮ ಮಕ್ಕಳಿಗೆ ಪಾಠ ಕಲಿಯಲು ದೂರ ಹೋಗಬೇಕಿಲ್ಲ.

ನೆಲ ಹಸಿಯಿದ್ದಾಗ ಬರಿಗಾಲು ಸೋಲುತ್ತದೆ ಎಂಬುದು ಭಾರತದ ಫುಟ್‌ಬಾಲಿಗೆ ಹಳೆಯ ನೋವು. 1911ರ ಜುಲೈ 29ರಂದು, ಮಳೆಗಾಲದ ಕಲ್ಕತ್ತದಲ್ಲಿ, ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿದ್ದ ಮೋಹನ್ ಬಾಗಾನ್ ತಂಡ ಬೂಟು ತೊಟ್ಟ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಹಾಗೆ ಗೆದ್ದರೂ, ಬರಿಗಾಲಿನವರ ಬೆಂಬಲಿಗರು ಪ್ರತಿ ಪಂದ್ಯಕ್ಕೂ ಮೊದಲು ಮಳೆ ಬಾರದಿರಲಿ ಎಂದು ಆಕಾಶ ನೋಡುತ್ತಿದ್ದ ಕಾಲ ಅದು. 1934ರಿಂದ ಸತತ ಐದು ವರ್ಷ ಕಲ್ಕತ್ತ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ಹಸಿ ನೆಲದಲ್ಲಿ ಬೂಟು ತೊಟ್ಟು ಆಡಿ ಈ ಭಯ ಕಳೆಯಿತು. ಅದೇ ಮೊಹಮ್ಮಡನ್ ತಂಡವನ್ನು 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ಸೋಲಿಸಿದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ.

ಬೆಂಗಳೂರಿನ ಕೆಂಪು ನೆಲ ಬೆಳೆಸಿದ ಇಬ್ಬರ ಹೆಸರು ಇಲ್ಲಿ ಹೇಳಲೇಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಒಬ್ಬರು, ಅಹ್ಮದ್ ಖಾನ್ ಇನ್ನೊಬ್ಬರು. 1952ರ ಒಲಿಂಪಿಕ್ಸ್‌ನಲ್ಲಿ, ಹೆಲ್ಸಿಂಕಿಯ ತಂಪು ನೆಲದಲ್ಲಿ, ಹಲವರು ಬರಿಗಾಲಲ್ಲೇ ಆಡಿದ ಭಾರತ ಯುಗೊಸ್ಲಾವಿಯಕ್ಕೆ 1–10ರಲ್ಲಿ ಸೋತಾಗ ನಮ್ಮ ಕಡೆಯ ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರವೇ ದೇಶದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಮನೆಯ ಒಣನೆಲದಲ್ಲಿ ಮಾಂತ್ರಿಕವಾಗಿದ್ದ ಕಾಲುಗಳು ಇನ್ನೊಂದು ಹವೆಯಲ್ಲಿ ಕೈಕೊಟ್ಟಿದ್ದವು. ಕಾಲಿನ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಫುಟ್‌ಬಾಲ್ ಆಡುವುದಷ್ಟೇ ಅಲ್ಲ, ನೋಡುವುದಕ್ಕೂ ನಮ್ಮಲ್ಲಿ ಹವೆಯ ಅಪ್ಪಣೆ ಬೇಕು. ವಿಶ್ವಕಪ್ ಸಾಮಾನ್ಯವಾಗಿ ಬರುವುದು ಜೂನ್, ಜುಲೈಯಲ್ಲಿ; ಮಿರಗ ಮಳೆ ಕೂಡಿ ಹೆಸರು, ಹತ್ತಿ, ಶೇಂಗಾ ಬಿತ್ತನೆಯ ಗಡಿಬಿಡಿ ಇರುವಾಗ. ಪಂದ್ಯ ನಡುರಾತ್ರಿ, ಕೂರಿಗೆ ನಸುಕಿಗೆ. ಮೊದಲೇ ಗಾಳಿಗೆ ಕರೆಂಟು ಹೋಗುತ್ತದೆ, ಕರೆಂಟಿದ್ದರೆ ದಟ್ಟ ಮೋಡಕ್ಕೆ ಡಿಶ್ ಸಿಗ್ನಲ್ ಹೋಗುತ್ತದೆ. ಪೆನಾಲ್ಟಿ ಒದೆಯಲು ಆಟಗಾರ ಓಡಿ ಬರುತ್ತಿರುವಾಗ ಪರದೆ ನೀಲಿಯಾದ ರಾತ್ರಿಗಳನ್ನು ನಮ್ಮ ಓರಗೆಯವರು ಯಾರೂ ಮರೆತಿಲ್ಲ.

2022 ಬೇರೆಯೇ ವರ್ಷ. ಕತಾರಿನ ಬೇಸಿಗೆಯ ಬಿಸಿಲಿಗೆ ಹೆದರಿ ವಿಶ್ವಕಪ್ಪನ್ನೇ ನವೆಂಬರ್ 20ರಿಂದ ಡಿಸೆಂಬರ್ 18ರವರೆಗಿನ ದಿನಗಳಿಗೆ ಸರಿಸಿದರು. ಮೋಡವಿಲ್ಲದ ಆಕಾಶ, ಹೊಲದಲ್ಲಿ ತೆನೆ ಹಿಡಿಯುತ್ತಿದ್ದ ಬಿಳಿಜೋಳ, ಹೊದ್ದ ಕಂಬಳಿ, ಫೈನಲ್ ನಮ್ಮ ಗಡಿಯಾರಕ್ಕೆ ರಾತ್ರಿ 8.30ಕ್ಕೆ. ಎರಿ ಸೀಮೆಗೆ ಹೇಳಿ ಮಾಡಿಸಿದ ವಿಶ್ವಕಪ್ ಅದು. ಮೆಸ್ಸಿ ಕಪ್ ಎತ್ತಿದ ಮರುದಿನ ಸಂಜೆ ಬಯಲಿನಲ್ಲಿ ಹುಡುಗರು ನೀಲಿ ಬಿಳಿ ಬನಿಯನ್ ತೊಟ್ಟು ಇಳಿದಾಗ ನೆಲವೂ ಸಿದ್ಧವಾಗಿತ್ತು. ಜೂನ್ ವಿಶ್ವಕಪ್‌ಗಳ ಮರುದಿನ ನಮಗೆ ಆ ಭಾಗ್ಯವಿರಲಿಲ್ಲ.

ಏಕೆಂದರೆ ಎರಿ ಸೀಮೆಯ ನಿಜವಾದ ಫುಟ್‌ಬಾಲ್ ಹಂಗಾಮು ದೀಪಾವಳಿ ಕಳೆದ ಮೇಲೆ. ಸ್ವಾತಿ ಮಳೆ ಮುಗಿದು ಇಬ್ಬನಿ ಬೀಳತೊಡಗಿದಾಗ ನೆಲ ನಿಧಾನ ಬಿಗಿಯುತ್ತದೆ. ಕಾಲಿಗೆ ಅಂಟುವುದಿಲ್ಲ, ಸೀಳು ಇನ್ನೂ ಬಿಟ್ಟಿರುವುದಿಲ್ಲ. ಗಾಳಿ ತಣ್ಣಗೆ, ಹದವಾಗಿ ಬೀಸುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣಿ ಬದನಿಕಾಯಿ, ಶೇಂಗಾ ಹೋಳಿಗಿ ಉಂಡು ದೊಡ್ಡವರು ಜಾಲಿಗಿಡದ ನೆರಳಿಗೆ ಒರಗಿದಾಗ, ಹುಡುಗರು ಹೆಸರು ಕಿತ್ತು ಖಾಲಿ ಬಿಟ್ಟ ಪಟ್ಟಿ ಹುಡುಕಿ ಚಪ್ಪಲಿಯನ್ನೇ ಗೋಲುಗಂಬ ಮಾಡಿ ಆಡುವ ಆಟ ನನ್ನ ಮಟ್ಟಿಗೆ ಜಗತ್ತಿನ ಯಾವ ಲೀಗಿಗೂ ಕಡಿಮೆಯಲ್ಲ. ಕೇರಳದಲ್ಲಿ, ಕಾಸರಗೋಡಿನ ನಮ್ಮ ಕನ್ನಡಿಗರ ನಡುವೆಯೂ, ಏಳು ಜನರ ‘ಸೆವೆನ್ಸ್’ ಹಂಗಾಮು ಮಳೆ ಮುಗಿದ ಮೇಲೆಯೇ ಏರುವುದು. ಬತ್ತ ಕೊಯ್ದ ಗದ್ದೆಗಳಲ್ಲೇ ಆ ಆಟ ಬೆಳೆದದ್ದು. ಅಲ್ಲಿ ಹಂಗಾಮನ್ನು ಗೊತ್ತು ಮಾಡಿದ್ದು ಸುಗ್ಗಿ.

ಕುಂದಗೋಳದಲ್ಲಿ ಒಂದು ತಕರಾರಿದೆ. ಗಾಯಕ ಸವಾಯಿ ಗಂಧರ್ವರ ಈ ಊರಿನ ಸುತ್ತ ಜನವರಿಯಿಂದ ಬ್ಯಾಡಗಿ ಮೆಣಸಿನಕಾಯಿಯ ಕಾಲ. ಮಟ್ಟಸವಾದ ಬಯಲೆಲ್ಲ ಕಣವಾಗಿ ಕೆಂಪು ಹಾಸುತ್ತದೆ. ಆಡಲು ನೆಲ ಹದವಾಗಿರುವಾಗಲೇ ಕಾಯಿ ಒಣಗಿಸಲೂ ಅದೇ ನೆಲ ಬೇಕು. ತಪ್ಪಿ ಕಣಕ್ಕೆ ಬಿದ್ದ ಚೆಂಡನ್ನು ಎತ್ತಿ ಎದೆಗೊತ್ತಿಕೊಂಡವನ ಕಣ್ಣು ಆ ದಿನವಿಡೀ ಉರಿಯುತ್ತದೆ. ಆದರೂ ಕಣದ ಅಜ್ಜಿ ಬೈದು, ಮತ್ತೆ ಚೆಂಡು ಎಸೆದುಕೊಡುತ್ತಾಳೆ. ಈ ಜಗಳದಲ್ಲಿ ನಾನು ಯಾವಾಗಲೂ ಮೆಣಸಿನಕಾಯಿಯ ಪಕ್ಷ. ವರ್ಷದ ಗಂಜಿ ಅದರಲ್ಲಿದೆ.

ಹೋಳಿ ಹತ್ತಿರ ಬಂದು, ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರು ಸಾಲುಗಟ್ಟುವ ಹೊತ್ತಿಗೆ ಹಂಗಾಮು ಮುಗಿಯತೊಡಗುತ್ತದೆ. ನೆಲ ಬಾಯಿ ಬಿಡುತ್ತದೆ. ಹುಡುಗನ ಪಾದ ಸಿಕ್ಕಿ ಹಿಮ್ಮಡಿ ತಿರುಚುವಷ್ಟು ಅಗಲದ ಸೀಳುಗಳು. ಏಪ್ರಿಲ್ ಬಿಸಿಲಲ್ಲಿ ನಸುಕು, ಇಳಿಸಂಜೆ ಬಿಟ್ಟರೆ ಆಡಬಾರದು. 2014ರ ವಿಶ್ವಕಪ್‌ನಲ್ಲಿ ಬಿಸಿಲು, ತೇವ, ಗಾಳಿ ಮೂರನ್ನೂ ಕೂಡಿಸಿ ಅಳೆಯುವ ಲೆಕ್ಕದಲ್ಲಿ 32 ಡಿಗ್ರಿ ದಾಟಿದರೆ ನೀರು ಕುಡಿಯಲು ಆಟ ನಿಲ್ಲಿಸಬೇಕೆಂದು ನಿಯಮ ಮಾಡಿದ್ದರು. ನಮ್ಮ ಬಯಲಲ್ಲಿ ಆ ಯಂತ್ರವಿಲ್ಲ. ಮಕ್ಕಳ ಒಣಗಿದ ತುಟಿ ನೋಡಿ ದೊಡ್ಡವರೇ ಕೂಗಿ ಕರೆಯಬೇಕು. ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕಿದೆ. ಬೇಸಿಗೆಯ ಅಡ್ಡಮಳೆ ಸಿಡಿಲು ಹೊತ್ತು ಬರುತ್ತದೆ. ಮರವಿಲ್ಲದ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರ ನಿಂತಿರುವುದು ಆಡುವ ಮಕ್ಕಳೇ. ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಬರಬಾರದು. ಗಿಡದ ಕೆಳಗೆ ನಿಲ್ಲುವುದು ತೀರ ಅಪಾಯ.

ಹಾಗಾದರೆ ಏನು ಮಾಡಬೇಕು? ವಿಶ್ವಕಪ್ಪನ್ನೇ ಐದು ತಿಂಗಳು ಸರಿಸಬಹುದಾದರೆ ಹೋಬಳಿ ಕ್ರೀಡಾಕೂಟದ ಫುಟ್‌ಬಾಲ್ ಪಂದ್ಯವನ್ನು ಸರಿಸಲಾಗದೆ? ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ದೇಶಗಳು ಯುರೋಪಿನ ಬಹುಪಾಲು ದೇಶಗಳು ಆಡುವ ಚಳಿಗಾಲ ಬಿಟ್ಟು, ತಮ್ಮ ಹಿಮ ಕರಗಿದ ಮೇಲೆ ವಸಂತದಲ್ಲಿ ಲೀಗ್ ಶುರು ಮಾಡುತ್ತವೆ. ನಮ್ಮಲ್ಲಿ ಅಡ್ಡಿಯೂ ಇದೆ, ಅದನ್ನು ಮುಚ್ಚಿಡಬಾರದು. ಹೋಬಳಿ ಮುಗಿದರೆ ತಾಲ್ಲೂಕು, ಅದು ಮುಗಿದರೆ ಜಿಲ್ಲೆ, ವಿಭಾಗ, ರಾಜ್ಯ. ಒಂದು ಕೊಂಡಿ ತಡವಾದರೆ ಸರಪಳಿಯೇ ತಡ. ಜನವರಿ ದಾಟಿದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ. ಎಲ್ಲ ಆಟಗಳನ್ನೂ ಸರಿಸಿ ಎಂದು ನಾನು ಕೇಳುವುದಿಲ್ಲ. ಎರಿ ಸೀಮೆಯ ತಾಲ್ಲೂಕುಗಳ ಫುಟ್‌ಬಾಲ್ ಆಯ್ಕೆಯನ್ನಾದರೂ ಕಲಘಟಗಿಯಂಥ ಗರಸು ನೆಲದಲ್ಲಿ, ವರಪು (ಮಳೆಯ ಬಿಡುವು) ನೋಡಿ ನಡೆಸಲಿ. ಡಿಸೆಂಬರಿನಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಮಕ್ಕಳಿಗೆ ತಮ್ಮದೇ ನೆಲದಲ್ಲಿ, ತಮ್ಮದೇ ಹಂಗಾಮಿನಲ್ಲಿ ಒಂದು ಸುಗ್ಗಿ ಕಪ್ ಇರಲಿ.

ಹುಲ್ಲಿನ ವಿಷಯ ಹೇಳದೆ ಮುಗಿಸಲಾರೆ. ಎರಿ ರೈತನ ಹಗೆ ಕರಕಿ. ಬೇರು ಆಳಕ್ಕೆ ಇಳಿದು, ಕಿತ್ತಷ್ಟೂ ಚಿಗುರಿ ಹೊಲವನ್ನೇ ನುಂಗುವ ಹುಲ್ಲು. ಬೇಸಿಗೆಯಲ್ಲಿ ಆಳ ನೇಗಿಲು ಹೊಡೆಸಿ, ಗಡ್ಡೆ ಆರಿಸಿ ಬದುವಿಗೆ ಎಸೆಯುತ್ತಾರೆ. ಗಣಪನಿಗೆ ಏರಿಸುವ ಗರಿಕೆಯೂ ಅದೇ. ಬಿಸಿಲು ನಾಡುಗಳ ಫುಟ್‌ಬಾಲ್ ಮೈದಾನಗಳಲ್ಲಿ ಲಕ್ಷಗಟ್ಟಲೆ ಸುರಿದು ಬೆಳೆಸುವ ಬರ್ಮುಡಾ ಹುಲ್ಲು ಕೂಡ ಇದೇ ಕರಕಿ, ಇಲ್ಲವೇ ಇದರಿಂದ ಹುಟ್ಟಿದ ತಳಿ. ತುಳಿದರೆ ಸಾಯುವುದಿಲ್ಲ, ಮಳೆ ನಿಂತು ಒಣಗಿದರೂ ಮೊದಲ ಹನಿಗೆ ಮತ್ತೆ ಹಸಿರಾಗುತ್ತದೆ. ಕುಡಿಯುವ ನೀರಿಗೇ ಕೆರೆ ನಂಬಿದ ಊರುಗಳಲ್ಲಿ ಮೈದಾನಕ್ಕೆ ನೀರುಣಿಸಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಈ ಹುಲ್ಲು ಅದನ್ನು ಕೇಳುವುದೂ ಇಲ್ಲ. ಮೈದಾನದ ನಡುವನ್ನು ಎಮ್ಮೆಯ ಬೆನ್ನಿನಂತೆ ತುಸು ಎತ್ತರಿಸಿ, ಸುತ್ತ ಕಾಲುವೆ ತೋಡಿ, ಹೊಲದಿಂದ ಕಿತ್ತ ಕರಕಿಯನ್ನೇ ಮೃಗಶಿರದಲ್ಲಿ ನೆಟ್ಟರೆ ಅದರ ಬೇರು ಎರಿ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಮಳೆಗಾಲದ ಕೆಸರು ಪೂರ್ತಿ ಹೋಗದಿದ್ದರೂ ಆಡುವ ದಿನಗಳು ಹೆಚ್ಚುತ್ತವೆ.

ಕಳೆದ ಸಲ ಊರಿಗೆ ಹೋದದ್ದು ಹಿಂಗಾರಿ ಬಿತ್ತನೆ ಮುಗಿದ ಹೊತ್ತಿನಲ್ಲಿ. ಹಿಂದಿನ ರಾತ್ರಿ ಒಂದು ಸಣ್ಣ ಮಳೆ ಉದುರಿತ್ತು. ಸಂಜೆ ಶಾಲೆಯ ಬಯಲಿಗೆ ಹತ್ತು ಹನ್ನೆರಡು ಮಕ್ಕಳು ಬಂದರು, ಅವರಲ್ಲಿ ಮೂವರು ಹುಡುಗಿಯರು. ಎಲ್ಲರಿಗಿಂತ ದೊಡ್ಡವಳು ಚಪ್ಪಲಿ ಕಳಚಿ ಹಿಮ್ಮಡಿಯಿಂದ ನೆಲ ಒತ್ತಿ ನೋಡಿದಳು. ‘ಇನ್ನೂ ಅಂಟತೈತ್ರೋ, ನಾಡಿದ್ದ ಬರೂಣು’ ಎಂದಳು. ಯಾರೂ ಎದುರಾಡಲಿಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಣಿಯ ಕಡೆ ತಿರುಗಿದರು. ಎರಡು ದಿನ ಬಿಟ್ಟು ನಾನು ಊರಿಂದ ಹೊರಟ ಬಸ್ಸು ಆ ಬಯಲಿನ ಬದಿಯಿಂದಲೇ ಹಾದು ಹೋಯಿತು. ಆಟ ನಡೆದಿತ್ತು. ಕಾಲುಗಳಿಗೆ ಕೆಸರಿರಲಿಲ್ಲ, ಧೂಳೂ ಎದ್ದಿರಲಿಲ್ಲ.